ಗೀಸರ್ ಹತ್ತಲಿಲ್ಲ, ಅಟೆಂಡೆನ್ಸ್ ಹೋಯ್ತು

ಸಕಲೇಶಪುರದ ಜುಲೈ ಮಳೆ ನಿಮಗೆ ಗೊತ್ತಲ್ಲ? ಮೊನ್ನೆ ಬೆಳಗ್ಗೆ ಕಾಲೇಜಿಗೆ ಲೇಟು, ನಮ್ಮ ಗ್ಯಾಸ್ ಗೀಸರ್ ಬರೀ ಟಿಕ್ ಟಿಕ್ ಅಂತಿತ್ತು, ಹತ್ತಲೇ ಇಲ್ಲ. ನಾನು ನಲ್ಲಿ ನಿಲ್ಲಿಸಿ, ತಿರುಗಿಸಿ, ಮತ್ತೆ ಮತ್ತೆ ನೋಡ್ತಿದ್ದೆ.

"ವಾಸನೆ ಬರ್ತಿಲ್ವೇನೋ ನಿಂಗೆ?" ಅಂತ ಅಮ್ಮ ಓಡಿಬಂದು ರೆಗ್ಯುಲೇಟರ್ ಆಫ್ ಮಾಡಿದ್ರು, ಕಿಟಕಿ ಬಾಗಿಲು ತೆಗೆದ್ರು. ಲೈಟ್ ಸ್ವಿಚ್ ಮುಟ್ಟೋಕೂ ಬಿಡಲಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ರಾನೇ ಕೂತಿರುತ್ತೆ. ಒಂದು ಕಿಡಿ ಸಾಕು.

ವಾಸನೆ ಪೂರ್ತಿ ಹೋದಮೇಲೆ ನೋಡಿದ್ರೆ, ಎರಡು ದಪ್ಪ ಸೆಲ್ ವೀಕ್! ಹೊಸದು ಹಾಕಿದ್ವಿ, ಹತ್ತಿತು.

ನೀವೂ ಸೆಲ್, ನೀರಿನ ಪ್ರೆಶರ್, ಸಿಲಿಂಡರ್ ಇಷ್ಟೇ ನೋಡಿ. ಬಿಚ್ಚೋದು ಮೆಕ್ಯಾನಿಕ್ ಕೆಲಸ. ವಾಸನೆ ಹೋಗದಿದ್ರೆ ಹೊರಗೆ ಬಂದು 1906ಕ್ಕೆ ಕಾಲ್ ಮಾಡಿ. ಚಳಿ ಅಂತ ಬಚ್ಚಲುಮನೆ ಕಿಟಕಿ ಮುಚ್ಚಬೇಡಿ; ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೇನೇ ಇಲ್ಲ.

ಅವತ್ತು ಫಸ್ಟ್ ಅವರ್ ಅಟೆಂಡೆನ್ಸ್ ಹೋಯ್ತು. ಹೋಗ್ಲಿ ಬಿಡಿ.