ಮೊಟ್ಟೆಗಾಡಿಗೆ ಬಣ್ಣ

ಮಗಳು ಕಾಲೇಜಿಗೆಂದು ದೂರದ ಊರಿಗೆ ಹೊರಡುವ ಮುಂಚಿನ ಬೇಸಿಗೆ. ನಾವಿರುವ ಅಮೆರಿಕದ ಮಿನ್ನೆಸೋಟಾದಲ್ಲಿ ಬೇಸಿಗೆಯೆಂದರೆ ಮೂರೇ ತಿಂಗಳು. ಅಷ್ಟರಲ್ಲಿ ಒಟ್ಟಿಗೆ ಒಂದು ಪ್ರವಾಸ ಮುಗಿಸೋಣವೆಂದು, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಹಳೆಯ ಟ್ರೇಲರ್ ಒಂದನ್ನು ಕೊಂಡೆ. ಇದೇ ರಾಜ್ಯದ ಬ್ಯಾಕಸ್ ಎಂಬ ಊರಿನಲ್ಲಿ 1970ರ ದಶಕದಿಂದಲೂ ತಯಾರಾಗುವ ಸ್ಕ್ಯಾಂಪ್. 13 ಅಡಿ ಉದ್ದ. ಮೇಲೊಂದು ಕೆಳಗೊಂದು ಫೈಬರ್ ಗ್ಲಾಸಿನ ಚಿಪ್ಪು ಜೋಡಿಸಿದ ಮೊಟ್ಟೆ ಎನ್ನಿ. ಒಳಗೆ ಗಟ್ಟಿಮುಟ್ಟು, ಹೊರಮೈ ಮಾತ್ರ ಮುಟ್ಟಿದರೆ ಸೀಮೆಸುಣ್ಣದಂತೆ ಕೈಗೆ ಮೆತ್ತುತ್ತಿತ್ತು.

ಬಣ್ಣ ಹೊಡೆಸಲು ವಿಚಾರಿಸಿದರೆ ಗಾಡಿಯ ಬೆಲೆಗಿಂತ ಕೂಲಿಯೇ ಹೆಚ್ಚು. ಫೀಸು ಕಟ್ಟಿದ ಮೇಲೆ ಕೈಯಲ್ಲಿ ಉಳಿದದ್ದು 200 ಡಾಲರ್. ಊರಿನಲ್ಲಿ ಯುಗಾದಿಗೆ ಎಷ್ಟು ಗೋಡೆಗೆ ಸುಣ್ಣ ಬಳಿದಿಲ್ಲ ಎಂದು ನಾನೇ ನಿಂತೆ. ಮಗಳು ಡಬ್ಬದ ಮೇಲಿನ ಸಣ್ಣಕ್ಷರ ಓದಿ, "ಅಪ್ಪಾ, ಉಜ್ಜೋ ಮೊದಲು ಮೇಣ ತೆಗೀಬೇಕಂತೆ" ಎಂದಳು. "ನೀನು ಹುಟ್ಟೋ ಮೊದಲೇ ಬ್ರಷ್ ಹಿಡಿದೋನು ನಾನು" ಎಂದು ಬಾಯಿ ಮುಚ್ಚಿಸಿದೆ.

ವಾರದೊಳಗೆ ಬಣ್ಣ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಂತು. 70 ಡಾಲರ್ ಮಣ್ಣುಪಾಲು. ಮಗಳು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಸುಣ್ಣವನ್ನು ಗೋಡೆ ಕುಡಿಯುತ್ತದೆ. ಫೈಬರ್ ಗ್ಲಾಸಿನ ಹೊರಪದರವಾದ ಜೆಲ್‌ಕೋಟ್ ಏನನ್ನೂ ಕುಡಿಯದು. ಉಜ್ಜಿದ ಗೀರುಗಳನ್ನು ಹಿಡಿದೇ ಬಣ್ಣ ನಿಲ್ಲಬೇಕು. ಪಾಲಿಶ್ ಮಾಡಿದ ಹಳೆಯ ಮೇಣವನ್ನು ತೆಗೆಯದೆ ಉಜ್ಜಿದರೆ ಅದು ಆ ಗೀರಿನೊಳಕ್ಕೇ ಸೇರಿಕೊಳ್ಳುತ್ತದೆ. ನಾನು ಮಾಡಿದ್ದು ಅದನ್ನೇ.

ಎರಡನೆಯ ಸಲ ಮಗಳೇ ಮೇಸ್ತ್ರಿ. ಎಲ್ಲವನ್ನೂ ಕೆರೆದು, ಸೋಪಿನಿಂದ ತೊಳೆದು, ಕೈಗವಸು ತೊಟ್ಟು, ಮೇಣ ಕರಗಿಸುವ ದ್ರಾವಣದಲ್ಲಿ ಒರೆಸಿ ನೀರು ಚಿಮುಕಿಸಿದಳು. ಕೆಸುವಿನೆಲೆಯ ಮೇಲಿನಂತೆ ಹನಿ ಉರುಳಿದರೆ ಮೇಣ ಇನ್ನೂ ಇದೆಯೆಂದೇ ಅರ್ಥ. ಮೂರು ಸಲ ಒರೆಸಿದ ಮೇಲೆ ನೀರು ಒಂದೇ ಸಮ ಹರಡಿತು. ಆಮೇಲೆ 220 ನಂಬರಿನ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದೆವು. ಒಣದಾಗಿ ಉಜ್ಜಿದರೆ ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಿಸಿಲಿಳಿದ ಮೇಲೆ, ದೋಣಿಗೆ ಬಳಿಯುವ ಬಣ್ಣವನ್ನು ರೋಲರಿನಲ್ಲಿ ತೆಳ್ಳಗೆ ಎಳೆಯುತ್ತ ನಾನು ಮುಂದೆ, ಬ್ರಷ್ಷಿನ ತುದಿಯಿಂದ ಗುಳ್ಳೆ ಸವರುತ್ತ ಅವಳು ಹಿಂದೆ. "ಅಪ್ಪಾ, ನಿಧಾನ" ಎಂದಾಗಲೆಲ್ಲ ನಿಂತೆ.

ಕೊನೆಗೆ ಖರ್ಚು 260 ಡಾಲರಿಗೆ ಮುಟ್ಟಿತು. ಪ್ರವಾಸಕ್ಕಿದ್ದ ಎರಡು ವಾರದಲ್ಲಿ ಹೆಚ್ಚುಪಾಲು ಬಣ್ಣಕ್ಕೇ ಹೋಗಿ, ಸುಪೀರಿಯರ್ ಸರೋವರದ ದಂಡೆಯಲ್ಲಿ ನಾಲ್ಕೇ ರಾತ್ರಿ ಕಳೆದೆವು. ಒಂದು ರಾತ್ರಿಯಿಡೀ ಮಳೆ. ಬೆಳಿಗ್ಗೆ ಕಾಫಿಗೂ ಮೊದಲು ಇಬ್ಬರೂ ಹೊರಗೆ ಹೋಗಿ ಉಗುರಿನಿಂದ ಕೆರೆದು ನೋಡಿದೆವು.