ಕೊಟ್ಟಿಗೆಯ ಘಾಟು, ಕುರ್ಚಿಯ ಬಣ್ಣ

ಪ್ರಿಯ ಗೆಳೆಯರೇ,

ನಿಮ್ಮ ಪತ್ರ ತಲುಪಿತು. ಅಮೆರಿಕದಲ್ಲಿ ಮಗಳ ಮನೆಗೆ ಹೋದಾಗ ಹಳೇ ಸಾಮಾನಿನ ಅಂಗಡಿಯಲ್ಲಿ ಕಂಡ ಓಕ್ ಕುರ್ಚಿ ನಿಮ್ಮನ್ನಿನ್ನೂ ಬಿಟ್ಟಿಲ್ಲ. “ಉಗುರಿನಿಂದ ಕೆರೆದೆ, ಬಣ್ಣ ಏಳಲಿಲ್ಲ. ಅದೆಂಥ ಪಾಲಿಶು?” ಎಂದು ಕೇಳಿದ್ದೀರಿ. ಅಂಗಡಿಯವ ನೋಡಲಿಲ್ಲವಲ್ಲ, ಪುಣ್ಯ!

ಅದು ಬಳಿದ ಬಣ್ಣವಲ್ಲದೆ ಅಮೋನಿಯಾದ ಆವಿಗೆ ಮರವೇ ತಿರುಗಿದ ಬಣ್ಣ ಇರಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ಖಾನೆ ಇಟ್ಟಿದ್ದ, 1901ರಲ್ಲಿ ‘ದಿ ಕ್ರಾಫ್ಟ್ಸ್‌ಮನ್’ ಪತ್ರಿಕೆ ಆರಂಭಿಸಿದ ಗುಸ್ತಾವ್ ಸ್ಟಿಕ್ಲಿ ಈ ವಿದ್ಯೆಯನ್ನು ಮನೆಮಾತಾಗಿಸಿದರು. ಗಾಳಿಯಾಡದ ಕೋಣೆಯಲ್ಲಿ ಕುರ್ಚಿ, ಮೇಜುಗಳನ್ನಿಟ್ಟು, ನೆಲದ ಮೇಲೆ ಅಗಲ ಬಟ್ಟಲುಗಳಿಗೆ ಸುಮಾರು 26 ಪ್ರತಿಶತ ಸಾಂದ್ರತೆಯ ಅಮೋನಿಯಾ ಸುರಿದು ಬಾಗಿಲು ಮುಚ್ಚುವುದು. ಒಂದೆರಡು ದಿನ ಹಾಗೇ ಬಿಟ್ಟರಾಯಿತು; ಮಿಕ್ಕದ್ದು ಆವಿಯ ಕೆಲಸ.

ಅಡಿಕೆ ಬೇಯಿಸಿ ಬೆಳೆದ ನಿಮಗೆ ಚೊಗರಿನ ಪಾಠ ಹೇಳಬೇಕೇ? ಎಳೆ ಬಾಳೆಕಾಯಿ ಕಚ್ಚಿದರೆ ನಾಲಿಗೆ ಹಿಡಿಯುವ ಒಗರಿದೆಯಲ್ಲ, ಆ ಟ್ಯಾನಿನ್ನೇ ಓಕ್ ಮರದಲ್ಲೂ ತುಂಬಿದೆ. ಅಮೋನಿಯಾ ತಗುಲಿದರೆ ಅದು ಕಂದಾಗುತ್ತದೆ. ಬಿಳಿ ಓಕ್‌ನಲ್ಲಿ ಚೊಗರು ಹೆಚ್ಚು, ಬಣ್ಣವೂ ಗಾಢ. ಕೆಂಪು ಓಕ್ ಅಷ್ಟು ಒಲಿಯದು. ಒಂದೇ ಹಲಗೆಯಲ್ಲಿ ಚೇಗು ಕಪ್ಪಿಟ್ಟರೂ ತೊಗಟೆ ಪಕ್ಕದ ಬಿಳಿ ಭಾಗ ಬಿಳಿಚಿಕೊಂಡೇ ಉಳಿಯುತ್ತದೆ. ಚೊಗರು ಕಡಿಮೆಯಿರುವ ಮರಕ್ಕೆ ಮೊದಲು ಗಟ್ಟಿ ಚಹಾ ಡಿಕಾಕ್ಷನ್ ಬಳಿದು ಆವಿಗಿಡುವವರೂ ಇದ್ದಾರೆ. ಇಲ್ಲದ್ದನ್ನು ಸಾಲ ಕೊಟ್ಟು ಬಣ್ಣ ವಸೂಲಿ ಮಾಡಿದ ಹಾಗೆ!

ಕೋಣೆಯಿಂದ ಹೊರಬಂದಾಗ ಮರ ಬೂದಿ ಮೆತ್ತಿದಂತೆ ಮಂಕಾಗಿರುತ್ತದೆ. ಎಣ್ಣೆಯನ್ನೋ ಅರಗಿನ ಪಾಲಿಶನ್ನೋ ಸವರಿದ ಮೇಲೆಯೇ ಹಳೇ ಬೆಲ್ಲದ ಬಣ್ಣ ಮೇಲೇಳುವುದು.

ನೀವು ಸುಮ್ಮನೆ ಕೂರುವವರಲ್ಲ, ಅದಕ್ಕೇ ಎಚ್ಚರಿಸುತ್ತೇನೆ: ಆ ಸಾಂದ್ರತೆಯ ಅಮೋನಿಯಾ ಕಣ್ಣು, ಶ್ವಾಸಕೋಶಗಳನ್ನು ಸುಟ್ಟೀತು. ಮನೆಯೊಳಗೆ ಖಂಡಿತ ಬೇಡ.

ಅಮೋನಿಯಾದ ಆವಿಗೆ ಓಕ್ ಬಣ್ಣ ತಿರುಗುತ್ತದೆಂದು ಮೊದಲು ತಿಳಿದದ್ದು ಆಕಸ್ಮಿಕವಾಗಿಯಂತೆ. ಇಂಗ್ಲೆಂಡಿನ ಕುದುರೆಲಾಯದಲ್ಲಿಟ್ಟಿದ್ದ ಓಕ್ ಹಲಗೆಗಳು ತಾವಾಗಿ ಕಂದಾಗಿದ್ದವು ಎಂಬುದು ಆ ಕಸುಬಿನವರು ಹೇಳಿಕೊಂಡು ಬಂದ ಕತೆ. ಗಂಜಲದ ಘಾಟಿನಲ್ಲಿರುವುದೂ ಅದೇ ಅಮೋನಿಯಾ ತಾನೆ. ಊರಿಗೆ ಬಂದಾಗ ನಿಮ್ಮ ಹಳೇ ಕೊಟ್ಟಿಗೆಯ ಕಂಬಗಳನ್ನೊಮ್ಮೆ ನೋಡಿ ಬರೆಯಿರಿ. ಅಲ್ಲಿ ಮಾತ್ರ ಎಷ್ಟು ಬೇಕಾದರೂ ಕೆರೆಯಬಹುದು, ಬೈಯಲು ಅಂಗಡಿಯವನಿರುವುದಿಲ್ಲ.

ಇಂತಿ,
ನಿಮ್ಮವ