ಭೋಗನಂದಿಯಿಂದ ಯೋಗನಂದಿಗೆ

ಪರ್ವತಕ್ಕೆ ಸಂಸ್ಕೃತದಲ್ಲಿ ಭೂಧರವೆಂಬ ಹೆಸರುಂಟು. ಭೂಮಿಯನ್ನು ಧರಿಸಿರುವುದು ಎಂದು ಅದರ ಅರ್ಥ. ನೆಲದ ಮೇಲೆ ನಿಂತ ಬೆಟ್ಟವು ನೆಲವನ್ನೇ ಹೊತ್ತಿದೆಯೆಂಬ ಮಾತು ಮೇಲ್ನೋಟಕ್ಕೆ ವಿಪರೀತವಾಗಿ ತೋರಬಹುದು. ಆದರೆ ಬೆಟ್ಟದ ಮೇಲೆ ಬಿದ್ದ ಮಳೆಯೇ ಬಯಲಿನ ಬೆಳೆಯಾಗುವುದನ್ನು ಕಂಡ ಒಕ್ಕಲಿಗನಿಗೆ ಅದು ನಿತ್ಯಸತ್ಯ. ಹಿಮಾಲಯವು ಗಂಗಾ ಯಮುನೆಗಳ ತವರೆಂದು ಪೂಜ್ಯವಾಯಿತು. ಅದೇ ಹಿಮಾಲಯದ ಮಡಿಲಿನಲ್ಲಿ ಆಂಗ್ಲರು ಮಸ್ಸೂರಿ, ಶಿಮ್ಲಾ ಮೊದಲಾದ ಬೇಸಗೆಯ ಬೀಡುಗಳನ್ನು ಕಟ್ಟಿದರು. 1864ರಿಂದ ಶಿಮ್ಲಾ ಅವರ ಬೇಸಗೆಯ ರಾಜಧಾನಿಯೇ ಆಯಿತು. ಒಂದೇ ಪರ್ವತವನ್ನು ಒಬ್ಬರು ನೀರಿಗಾಗಿ ನೋಡಿದರು, ಮತ್ತೊಬ್ಬರು ತಂಪಿಗಾಗಿ ನೋಡಿದರು. ಈ ಎರಡು ನೋಟಗಳನ್ನೂ ಕಾಣಲು ಕೋಲಾರ ಸೀಮೆಯ ಜನ ಅಷ್ಟು ದೂರ ಹೋಗಬೇಕಾಗಿಲ್ಲ. 4,851 ಅಡಿ ಎತ್ತರದ ನಂದಿಗಿರಿ ಸಮೀಪದಲ್ಲಿಯೇ ಇದೆ. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅದು ಕೋಲಾರ ಜಿಲ್ಲೆಯದೇ ಆಗಿತ್ತು.

ಒಮ್ಮೆ ಕೋಲಾರದ ಕಡೆಯ ಶಾಲಾಮಕ್ಕಳ ತಂಡವೊಂದು ಅಲ್ಲಿಗೆ ಪ್ರವಾಸ ಹೊರಟಿತು. ಮಕ್ಕಳ ಸಂಗಡ ವಿದ್ಯಾರ್ಥಿಯೊಬ್ಬನ ಅಜ್ಜನೂ ಇದ್ದನು. ಆತ ಶ್ರೀನಿವಾಸಪುರದ ಕಡೆಯ ಮಾವಿನ ತೋಪಿನ ಗೃಹಸ್ಥ. ಎಪ್ಪತ್ತನ್ನು ಮೀರಿದ ವಯಸ್ಸು. ಚಿಂತಾಮಣಿ, ಶಿಡ್ಲಘಟ್ಟಗಳ ಮೇಲೆ ಹಾದು ಬರುತ್ತಿದ್ದ ಆ ಪುಟ್ಟ ರೈಲಿನಲ್ಲಿ ಕುಳಿತು, ನಂದಿ ಹಾಲ್ಟಿನಲ್ಲಿ ಇಳಿದು, ಬೆಟ್ಟ ಹತ್ತಿದ ತನ್ನ ಬಾಲ್ಯವನ್ನು ಆತ ದಾರಿಯುದ್ದಕ್ಕೂ ಮೊಮ್ಮಗನಿಗೆ ಹೇಳುತ್ತ ಬಂದನು. ಆಗ ಎಲ್ಲೆಲ್ಲಿ ಕೆರೆಗಳು ಕಣ್ಣಿಗೆ ಬಿದ್ದಿದ್ದವೆಂಬುದು ಆತನಿಗೆ ಇನ್ನೂ ನೆನಪಿತ್ತು.

ನಂದಿಯ ಯಾತ್ರೆ ಬೆಟ್ಟದಿಂದಲ್ಲ, ಬೆಟ್ಟದ ಬುಡದಿಂದ ಆರಂಭವಾಗತಕ್ಕದ್ದು. ನಂದಿಗ್ರಾಮದಲ್ಲಿ ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಎಂಬ ಗುಡಿಗಳು ಒಂದೇ ಪ್ರಾಕಾರದೊಳಗೆ ಇವೆ. ಇದರ ಪ್ರಾಚೀನತೆ 9ನೆಯ ಶತಮಾನದ ಆರಂಭಕ್ಕೆ ಮುಟ್ಟುತ್ತದೆ. ಬಾಣರು, ನೊಳಂಬರು ಮೊದಲ್ಗೊಂಡು ಚೋಳರು, ಹೊಯ್ಸಳರು, ವಿಜಯನಗರದ ಅರಸರವರೆಗೆ ಒಬ್ಬರಾದ ಮೇಲೊಬ್ಬರು ಇಲ್ಲಿ ಕಲ್ಲನ್ನು ಕಡೆದಿದ್ದಾರೆ. ಪಕ್ಕದಲ್ಲಿ ನಾಲ್ಕೂ ಕಡೆ ಮೆಟ್ಟಿಲುಗಳಿರುವ ಶೃಂಗಿತೀರ್ಥವೆಂಬ ವಿಶಾಲವಾದ ಕಲ್ಯಾಣಿಯುಂಟು. ಅರುಣಾಚಲೇಶ್ವರನು ಶಿವನ ಬಾಲ್ಯವೆಂದೂ, ಭೋಗನಂದೀಶ್ವರನು ಯೌವನವೆಂದೂ, ಗಿರಿಶಿಖರದ ಯೋಗನಂದೀಶ್ವರನು ವೈರಾಗ್ಯವೆಂದೂ ಸ್ಥಳದ ಜನ ಹೇಳುತ್ತಾರೆ. ನವದಂಪತಿಗಳು ಕೆಳಗಿನ ಗುಡಿಗೆ ಬಂದು ಆಶೀರ್ವಾದ ಪಡೆಯುವುದು ಇಂದಿಗೂ ನಡೆದಿದೆ.

ಸುಲ್ತಾನಪೇಟೆಯ ಕಡೆಯಿಂದ ಸಾವಿರಕ್ಕೂ ಮೀರಿದ ಮೆಟ್ಟಿಲುಗಳು ಮೇಲೇರುತ್ತವೆ. ಈ ಗಿರಿಯು ಪಾಳೆಯಗಾರರ ಕಾಲದಲ್ಲಿಯೂ ಹೈದರ್, ಟಿಪ್ಪುಗಳ ಕಾಲದಲ್ಲಿಯೂ ದುರ್ಗವಾಗಿದ್ದಿತು. ಅಭೇದ್ಯವೆಂದು ಹೆಸರಾಗಿದ್ದ ಆ ಕೋಟೆಯನ್ನು 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಮುತ್ತಿ ವಶಪಡಿಸಿಕೊಂಡಿತು. ಅಲ್ಲಿಂದ ಮುಂದೆ ಕತ್ತಿಯ ಕೆಲಸ ತೀರಿ ಕುರ್ಚಿಯ ಕೆಲಸ ಆರಂಭವಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸಾಹೇಬರು ಬೇಸಗೆಯನ್ನು ಕಳೆಯಲು ಶಿಖರದಲ್ಲಿ ಬಂಗಲೆಯನ್ನು ಕಟ್ಟಿಸಿದರು. ಆ ಬಂಗಲೆಗೆ ಇಂದು ನೆಹರೂ ನಿಲಯವೆಂದು ಹೆಸರು. 1927ರಲ್ಲಿ ದೇಹಾಲಸ್ಯದಿಂದ ಬಳಲಿದ್ದ ಗಾಂಧೀಜಿಯವರು ಕೆಲವು ವಾರ ಇದೇ ಬೆಟ್ಟದಲ್ಲಿ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೊಮ್ಮೆ ಬಂದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಾಗ ದಕ್ಷಿಣ ಏಷ್ಯಾದ ರಾಷ್ಟ್ರನಾಯಕರೂ ಇಲ್ಲಿ ಕುಳಿತು ಮಾತುಕತೆಯಾಡಿದರು.

ಆಂಗ್ಲರಲ್ಲಿ ಎಲ್ಲರೂ ತಂಪನ್ನೇ ಅರಸಿದವರೆಂದು ಹೇಳುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿಯೇ ಜನಿಸಿದ ಬಿ. ಎಲ್. ರೈಸ್ ಅವರು ಹಳ್ಳಿಹಳ್ಳಿಯ ಕಲ್ಲುಗಳನ್ನು ಓದಿಸಿ, ಕೋಲಾರ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕ'ದ 10ನೆಯ ಸಂಪುಟವಾಗಿ ಪ್ರಕಟಿಸಿದರು. ಆ ಸಂಪುಟವನ್ನು ತಿರುವಿ ಹಾಕಿದವರಿಗೆ ಒಂದು ಸಂಗತಿ ತಪ್ಪದೆ ಕಾಣುತ್ತದೆ. ಕೆರೆ ಕಟ್ಟಿಸಿದವರು, ತೂಬು ಇಡಿಸಿದವರು, ಕೆರೆಯ ರಕ್ಷಣೆಗೆ ಭೂಮಿ ಬಿಟ್ಟವರು: ಈ ಸೀಮೆಯ ಶಿಲೆಗಳು ಕಾಪಾಡಿಕೊಂಡು ಬಂದ ಕೀರ್ತಿಯಲ್ಲಿ ಬಹುಪಾಲು ಇಂಥವರದು.

ಶಿಖರದಲ್ಲಿ ಮಕ್ಕಳು ಟಿಪ್ಪುವಿನ ಬೀಳು ಎಂಬ ಭಯಂಕರ ಪ್ರಪಾತವನ್ನು ಇಣುಕಿ ನೋಡಿದರು. ಕೈಗೆಟಕುವಂತಿದ್ದ ಮೋಡಗಳನ್ನು ಕಂಡು ಕೂಗಾಡಿದರು. ಯೋಗನಂದೀಶ್ವರನ ದರ್ಶನವಾದ ಬಳಿಕ ಎಲ್ಲರೂ ಅಮೃತಸರೋವರದ ಬಳಿಗೆ ಬಂದರು. ಬುಗ್ಗೆಯಿಂದ ತುಂಬುವ ಆ ಕೊಳದ ಮೆಟ್ಟಿಲಿನ ಮೇಲೆ ವೃದ್ಧನು ಬಹಳ ಹೊತ್ತು ಮೌನವಾಗಿ ಕುಳಿತಿದ್ದನು. ಮೊಮ್ಮಗನು ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಚೆಲ್ಲಲು ಹೋದಾಗ ಅವನ ಕೈಯನ್ನು ಹಿಡಿದು, "ಇಲ್ಲಿಂದ ನದಿಗಳು ಹುಟ್ಟುತ್ತವೆಂದು ಮೇಷ್ಟ್ರು ಹೇಳಿದರಲ್ಲ, ಅವು ನಮ್ಮೂರಿನ ದಾರಿಯನ್ನು ಯಾಕಪ್ಪ ಮರೆತವು?" ಎಂದು ಕೇಳಿದನು. ಹುಡುಗನಲ್ಲಿ ಉತ್ತರವಿರಲಿಲ್ಲ. ಮೇಷ್ಟ್ರೂ ಒಡನೆ ಉತ್ತರ ಹೇಳಲಿಲ್ಲ.

ಪ್ರಶ್ನೆ ಅಷ್ಟು ಸುಲಭವಾದುದಲ್ಲ. ನಂದಿಯೂ ಅದರ ಸುತ್ತಲಿನ ಗಿರಿಗಳೂ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಘ್ನಿಗಳಿಗೆ ಜನ್ಮಭೂಮಿ. ಪಾಲಾರನ್ನೂ ಈ ಗಿರಿಗಳ ಮಗಳೆಂದೇ ಎಣಿಸುವ ವಾಡಿಕೆಯುಂಟು. ಆ ನದಿಗೆ ಕಟ್ಟಿದ ಬೇತಮಂಗಲದ ಕೆರೆಯ ನೀರನ್ನೇ ಹಿಂದೆ ಚಿನ್ನದ ಗಣಿಗಳಿಗೆ ಒಯ್ಯುತ್ತಿದ್ದರು. ಇಷ್ಟು ನದಿಗಳ ತವರಾದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಹಿರಿಯರು ಇದನ್ನು ಬಲ್ಲವರಾಗಿದ್ದರು. ಆದುದರಿಂದಲೇ ಒಂದು ಕೆರೆ ಕೋಡಿಬಿದ್ದು ಕೆಳಗಿನ ಕೆರೆ ತುಂಬುವಂತೆ, ಅದು ತುಂಬಿ ಮತ್ತೊಂದಕ್ಕೆ ಹರಿಯುವಂತೆ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನೆಲದಲ್ಲಿ ಕೆರೆಗಳ ಮಾಲೆಯನ್ನೇ ಹೆಣೆದರು. ನದಿ ಓಡಿಹೋಗುವುದೆಂದು ತಿಳಿದು ಅದಕ್ಕೆ ಅಲ್ಲಲ್ಲಿ ಮನೆ ಮಾಡಿಕೊಟ್ಟರು.

ಬೆಟ್ಟದಿಂದ ನೀರು ಮಾತ್ರ ಇಳಿಯಲಿಲ್ಲ. ಒಂದು ಮರವೂ ಇಳಿಯಿತು. 1790ರ ಸುಮಾರಿನಲ್ಲಿ ಟಿಪ್ಪು ಸುಲ್ತಾನನು ನಂದಿಯ ತನ್ನ ತೋಟದಲ್ಲಿ ಆಸ್ಟ್ರೇಲಿಯಾದ ನೀಲಗಿರಿ ಸಸಿಗಳನ್ನು ನೆಡಿಸಿದನೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಮೈಸೂರು ಗಮ್ ಎಂದು ಭಾರತದಲ್ಲೆಲ್ಲ ಪ್ರಸಿದ್ಧವಾದ ತಳಿಯ ಮೂಲ ಈ ನಂದಿಬೆಟ್ಟವೇ. ಬೇಗ ಬೆಳೆಯುತ್ತದೆ, ಬೇಗ ಹಣ ಕೊಡುತ್ತದೆ ಎಂದು 1980ರ ದಶಕದಲ್ಲಿ ರಾಗಿಯ ಹೊಲಗಳಲ್ಲಿಯೂ ಅದನ್ನು ಬೆಳೆಸಿದರು. ಅದರ ಬೇರು ಆಳದ ತೇವವನ್ನು ಹೀರಿತು. ಕೊಳವೆಬಾವಿಗಳು ಇನ್ನೂ ಆಳಕ್ಕೆ ಇಳಿದವು. ಕೆರೆಯಂಗಳಗಳು ಒತ್ತುವರಿಯಾದವು, ಕಾಲುವೆಗಳು ಹೂತುಹೋದವು. ಸಾವಿರ ಅಡಿಗೂ ಕೆಳಗಿನಿಂದ ಎತ್ತಿದ ನೀರಿನಲ್ಲಿ ಫ್ಲೋರೈಡಿನ ದೋಷವೂ ಕಾಣಿಸಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿತು. ಮರುವರ್ಷ, 2018ರಲ್ಲಿ, ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಬಳಕೆಯ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ನದಿಗಳ ತವರೂರು ನಗರವು ಬಳಸಿ ಬಿಟ್ಟ ನೀರಿಗೆ ಕಾದು ನಿಂತಿತು. ಕೆರೆ ತುಂಬಿದ್ದನ್ನು ಕಂಡು ರೈತನು ಸಂತೋಷಪಟ್ಟುದು ಸಹಜ. ಆ ಸಂತೋಷದ ಒಳಗೆ ಒಂದು ನಾಚಿಕೆಯೂ ಇರಬೇಕಾದುದು ಅಷ್ಟೇ ಸಹಜ.

ನದಿಗಳು ದಾರಿಯನ್ನು ಮರೆಯಲಿಲ್ಲ. ದಾರಿಯನ್ನು ಮುಚ್ಚಿದವರು ಮನುಷ್ಯರು. ಇಲ್ಲಿಯೇ ಭೋಗ ಯೋಗಗಳ ವಿಚಾರ ಬರುತ್ತದೆ. ಕೆಳಗಿನದು ಭೋಗ, ಮೇಲಿನದು ಯೋಗ. ಭೋಗವನ್ನು ಬಿಟ್ಟು ಯೋಗಕ್ಕೆ ಏರಬೇಕು ಎಂದು ಸಾಮಾನ್ಯವಾಗಿ ತಿಳಿಯುವರು. ಶರಣರ ದಾರಿ ಬೇರೆ. ಅವರು ಭೋಗವನ್ನು ಹಳಿಯಲಿಲ್ಲ. ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸೆಂದರು. ಅರ್ಪಿತವಾದುದು ಪ್ರಸಾದ, ಅನರ್ಪಿತವಾದುದು ಬರಿಯ ಭೋಗ. ಅಷ್ಟಾವರಣಗಳಲ್ಲಿ ಪಾದೋದಕಕ್ಕೂ ಸ್ಥಾನವುಂಟು. ಪಾದೋದಕವನ್ನು ಕೊಂಡ ಭಕ್ತನು ಒಂದು ಹನಿಯನ್ನೂ ನೆಲಕ್ಕೆ ಚೆಲ್ಲನು. ಬೊಗಸೆಯಲ್ಲಿ ಉಳಿದುದನ್ನು ಕಣ್ಣಿಗೆ ಒತ್ತಿಕೊಳ್ಳುವನು. ನಂದಿಯೆಂದರೆ ಆನಂದಸ್ವರೂಪಿ. ವೃಷಭ ಶಬ್ದದ ತದ್ಭವವೇ ಬಸವ. ಬಸವಣ್ಣನವರನ್ನು ನಂದಿಯ ಅವತಾರವೆಂದು ನಂಬಿ ಬಂದ ಜನಕ್ಕೆ ಈ ಗಿರಿಯ ಪಾದದಿಂದ ಇಳಿದು ಬರುವ ಮಳೆಯ ನೀರು ಪಾದೋದಕವಲ್ಲದೆ ಮತ್ತೇನು?

ಹೀಗೆ ಭಾವಿಸಿದರೆ ಕೆರೆಯ ಹೂಳೆತ್ತುವುದು ಕೂಲಿಯ ಕೆಲಸವೆನಿಸದು, ಕಾಯಕವೆನಿಸುತ್ತದೆ. ಕಾಲುವೆಗೆ ಅಡ್ಡವಾಗಿ ಗೋಡೆ ಕಟ್ಟುವುದು ಜಾಣತನವೆನಿಸದು, ಪ್ರಸಾದವನ್ನು ತುಳಿದ ಪಾಪವೆನಿಸುತ್ತದೆ. ಕಾನೂನು ಹೊರಗಿನಿಂದ ತಡೆಯುವುದನ್ನು ಭಾವನೆ ಒಳಗಿನಿಂದ ತಡೆಯುತ್ತದೆ. ಶಾಲೆಯೊಂದು ಕಲಿಸಬಹುದಾದ ಭೂಗೋಳವೂ ಧರ್ಮವೂ ಇಲ್ಲಿ ಒಂದಾಗುತ್ತವೆ.

ಸಂಜೆ ಬೆಟ್ಟವನ್ನಿಳಿದು ಬಸ್ಸು ಊರಿನ ದಾರಿ ಹಿಡಿಯಿತು. ಮಕ್ಕಳಲ್ಲಿ ಅನೇಕರು ನಿದ್ರೆಹೋದರು. ಆ ಹುಡುಗನು ಮಾತ್ರ ಚೆಲ್ಲದೆ ಉಳಿಸಿಕೊಂಡ ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯ ಹೊರಗೆ ಬರುವ ಪ್ರತಿಯೊಂದು ಕೆರೆಯ ಹೆಸರನ್ನು ಅಜ್ಜನಿಂದ ಕೇಳುತ್ತಿದ್ದನು. ಅಜ್ಜನು ಎಲ್ಲ ಹೆಸರುಗಳನ್ನೂ ಬಲ್ಲವನಾಗಿದ್ದನು. ನೀರಿಲ್ಲದ ಕೆರೆಗೂ ಹೆಸರು ಉಳಿದಿದ್ದಿತು. ಆ ಹೆಸರನ್ನು ಕೇಳುವ ಬಾಲಕರು ಇರುವವರೆಗೆ ನೀರು ಮರಳಿ ಬರುವ ದಾರಿಯೂ ಉಳಿದಿರುತ್ತದೆ. ನಂದಿಗಿರಿಗೆ ಹೋಗುವ ವಿದ್ಯಾರ್ಥಿಗಳು ಮೋಡವನ್ನು ಕಂಡು ಸಂತೋಷಪಡಲಿ, ಬಂಗಲೆಯನ್ನು ನೋಡಿ ಇತಿಹಾಸವನ್ನು ತಿಳಿಯಲಿ. ಆದರೆ ಮರಳುವಾಗ ನೀರಿನ ಜಾಡನ್ನು ಹಿಡಿದು ಮರಳಲಿ. ಆಗ ಯಾತ್ರೆ ಪೂರ್ಣವಾಗುವುದು.